ಸತ್ಯಮಿತ್ರರೂ ನೋಹನ ಒಂಟೆಗಳೂ

ಎಲ್ಲರ ಅಂಗೈಗಳೂ ಕೂಡುವ ಕ್ಷಣದಲ್ಲಿ ಸತ್ಯಮಿತ್ರರ ಅಂಗೈಗಳು ಅಗಲಿರುತ್ತಿದ್ದವು. ಎಲ್ಲರವೂ ಅಗಲಿದಾಗ ಅವರವು ಮಾತ್ರ ಪಟ್ಟೆಂದು ಕೂಡುತ್ತಿದ್ದವು. ನಮ್ಮ ಮನೆಯ ಶನಿವಾರದ ಭಜನೆಯಲ್ಲೂ ಹೀಗೆಯೇ, ಅವರ ಭಾನುವಾರದ ಚರ್ಚಿನಲ್ಲೂ ಹೀಗೆಯೇ. ತಾಳ ತಪ್ಪುತ್ತಿದೆಯೆಂದು ನನ್ನ ಹೆಂಡತಿ ಒಮ್ಮೆ ಮೆಲ್ಲಗೆ ಸೂಚಿಸಿದಳು. "ತಪ್ಪಲ್ಲ ತಾಯಿ, ನಿಮ್ಮ ಎರಡು ಪೆಟ್ಟಿನ ಮಧ್ಯದ ಜಾಗ ಸುಮ್ನೆ ಖಾಲಿ ಬಿದ್ದಿತ್ತು. ಬಾಡಿಗೆಗೆ ತಗೊಂಡೆ" ಎಂದರು.

ಅವರು ಮೈಸೂರಿನ ಕ್ರೈಸ್ತ ಮನೆತನದವರು, ಯೌವನದಲ್ಲಿ ಚರ್ಚಿನ ಬ್ಯಾಂಡಿನಲ್ಲಿ ಟ್ರಾಂಬೋನ್ ಎಂಬ ಉದ್ದನೆಯ ಕಹಳೆ ಊದಿದವರು. ಅಟ್ಲಾಂಟಾದ ಪ್ರಯೋಗಾಲಯವೊಂದರಲ್ಲಿ ವಿಜ್ಞಾನಿಯಾಗಿದ್ದರು. ಈಗ ಜಾನ್ಸ್ ಕ್ರೀಕ್ ಎಂದು ಕರೆಯುವ ಕಡೆ ನಮ್ಮ ನೆರೆಮನೆಯವರಾಗಿದ್ದರು. ತೊಂಬತ್ತರ ದಶಕದ ನಡುವೆ ಅವರ ಮಗಳು ಸುನೀತಾ ಚರ್ಚಿನ ಗೆಳೆಯರನ್ನು ಕೂಡಿಸಿಕೊಂಡು ಒಂದು ಸ್ಕಾ ತಂಡ ಕಟ್ಟಿದಳು. ಸ್ಕಾ ಎಂದರೆ, ಗಿಟಾರು ತಾಳದ ಪೆಟ್ಟನ್ನು ಬಿಟ್ಟು ಪೆಟ್ಟುಗಳ ನಡುವೆ ಮಿಡಿಯುವ, ಕಹಳೆಗಳು ಮೇಲಿಂದ ಕೂಗುವ, ಕೇಳುವವರ ಮೊಣಕಾಲು ತಾನಾಗಿ ಏಳುವ ಸಂಗೀತ. ಅದು ಜಮೈಕಾದಿಂದ ಇಂಗ್ಲೆಂಡಿಗೆ, ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ, ಅಲ್ಲಿಂದ ಕ್ರೈಸ್ತ ಯುವಕರಿಗೆ ಬಂದಿತೆಂದು ಪುಸ್ತಕಗಳು ಹೇಳುತ್ತವೆ. ಇರಬಹುದು. ನಮ್ಮ ಬೀದಿಗೆ ಮಾತ್ರ ಅದು ಮೈಸೂರಿನಿಂದ ಬಂದಿತು. ಆ ಪುಸ್ತಕ ಬರೆದವರು ಯಾರೂ ನನ್ನನ್ನು ವಿಚಾರಿಸಿಲ್ಲ.

ತಂಡಕ್ಕೆ 'ನೋಹನ ಒಂಟೆಗಳು' ಎಂದು ಹೆಸರಿಟ್ಟರು. ಗರಾಜಿನಲ್ಲಿ ಟ್ರಾಂಬೋನಿನ ಪಾಠ ಹೇಳುತ್ತಿದ್ದ ಸತ್ಯಮಿತ್ರರಿಗೆ ಅದೂ ಆಕ್ಷೇಪಣೀಯ. "ಪ್ರಳಯದಲ್ಲಿ ನೋಹ ತನ್ನ ಹಡಗಿಗೆ ಹತ್ತಿಸ್ಕೊಂಡಿದ್ದು ಎರಡೇ ಒಂಟೆ. ನೀವು ಏಳು ಜನ. ಐವರು ಮುಳುಗಬೇಕಾಗುತ್ತೆ."

"ಡ್ಯಾಡಿ, ಪ್ಲೀಸ್!" ಎಂದ ಸುನೀತಾ ನನ್ನತ್ತ ತಿರುಗಿದಳು. "ಅಂಕಲ್, ಇವರನ್ನ ಒಳಗೆ ಕರ್ಕೊಂಡ್ ಹೋಗಿ."

ಒಂಟೆಗಳ ಪಾಡು ಎರಡೂ ಕಡೆ ಕಷ್ಟ. ಪೇಟೆಯ ಕ್ಲಬ್ಬಿನವರು ಹಾಡಿನಲ್ಲಿ ಏಸು ಹೆಚ್ಚಾಯಿತೆಂದರು. ಚರ್ಚಿನ ಹಿರಿಯರು ಕಡಿಮೆಯಾಯಿತೆಂದರು. ಕ್ರೈಸ್ತ ಪುಸ್ತಕದಂಗಡಿಯಲ್ಲಿ, 'ಲೌಕಿಕರ ಇಂಥ ತಂಡ ಮೆಚ್ಚುವವರು ನಮ್ಮ ಇಂಥ ತಂಡ ಕೇಳಿರಿ' ಎಂಬ ಪಟ್ಟಿಯೊಂದು ಗೋಡೆಗೆ ತೂಗುತ್ತಿತ್ತು. ಸಾತ್ವಿಕ ರಾಕ್, ಸಾತ್ವಿಕ ಪಂಕ್ ಎಲ್ಲವಕ್ಕೂ ಅಲ್ಲಿ ಸ್ಥಾನವಿತ್ತು, ಕಹಳೆ ಊದುವವರಿಗಿರಲಿಲ್ಲ. ಡೋನಟ್ ಎಂಬ ವಡೆಯಾಕಾರದ ಸಿಹಿಯ ಕುರಿತ ಒಂಟೆಗಳ ಹಾಡಿನಲ್ಲಿ ಭಕ್ತಿ ಎಲ್ಲಿದೆಯೆಂದು ಹಿರಿಯರೊಬ್ಬರು ಕೇಳಿದಾಗ, ಸತ್ಯಮಿತ್ರರು ಗಂಭೀರವಾಗಿ, "ನಡುವಿನ ತೂತಿನಲ್ಲಿದೆ. ಕಾಣದಿರುವುದೇ ಅದರ ಲಕ್ಷಣ" ಎಂದರು.

ನಿಜವಾದ ಸಂಕಟ ಬಂದದ್ದು ಕುಣಿತದಿಂದ. ಆ ಚರ್ಚಿನಲ್ಲಿ ನೃತ್ಯ ನಿಷಿದ್ಧ. ಅಭ್ಯಾಸ ನೋಡಲು ಬಂದ ಮಕ್ಕಳು ಮೊಣಕಾಲೆತ್ತಿ ಕುಪ್ಪಳಿಸಿದ ಸುದ್ದಿ ಪಾಸ್ಟರಿಗೆ ಮುಟ್ಟಿತು. ಪರೀಕ್ಷೆಗೆಂದು ಒಂದು ಸಂಗೀತ ಕಛೇರಿ ನಡೆಯಲಿ, ಒಬ್ಬನೇ ಒಬ್ಬ ಎದ್ದು ಕುಣಿದರೂ ತಂಡಕ್ಕೆ ಬಾಗಿಲು ಮುಚ್ಚುತ್ತದೆ ಎಂದು ಅವರು ತೀರ್ಮಾನಿಸಿದರು.

"ಬ್ಯಾಂಡ್ ಸ್ಟಾಪ್ ಮಾಡಿದ್ರೆ ನಾನೂ ಚರ್ಚ್‌ಗೆ ಬರಲ್ಲ, ಡ್ಯಾಡಿ. ಐ ಮೀನ್ ಇಟ್" ಎಂದಳು ಸುನೀತಾ.

ಸತ್ಯಮಿತ್ರರು ಅಂದು ತಮಾಷೆ ಮಾಡಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಭಾನುವಾರದ ಬೆಂಚಿನಲ್ಲಿ ಅವರ ಪಕ್ಕ ಕೂರುತ್ತಿದ್ದವಳು ಈ ಹುಡುಗಿಯೊಬ್ಬಳೇ.

ಪಾಸ್ಟರ ಬಳಿ ಹೋಗಿ ಅವರು ವಿನಯದಿಂದ ಒಂದು ಸಲಹೆಯಿತ್ತರು: ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸಿಬಿಡೋಣ, ಕೂತವರು ಹೇಗೆ ಕುಣಿದಾರು? ಪಾಸ್ಟರಿಗೆ ಇದು ಬಹಳ ಹಿಡಿಸಿತು. ಸಭಾಂಗಣದ ಮರದ ನೆಲಕ್ಕೆ ಆಗಷ್ಟೇ ಪಾಲಿಶ್ ಆಗಿತ್ತು. ಅದರ ಮೇಲೆ ಮಡಿಸುವ ಕಬ್ಬಿಣದ ಕುರ್ಚಿಗಳನ್ನು ಸತ್ಯಮಿತ್ರರು ಸ್ವತಃ ಸಾಲಾಗಿ ಹಾಕಿದರು.

ಮೊದಲ ಹಾಡಿಗೆ ಪಾದಗಳು ಅಲುಗಿದವು. ಎರಡನೆಯದಕ್ಕೆ ಕುರ್ಚಿಗಳೇ ಹೊರಟವು. ಯಾರೂ ಎದ್ದಿರಲಿಲ್ಲ, ಆದರೆ ಇಡೀ ಸಭೆ ಕುಳಿತಲ್ಲಿಯೇ ಕಿರ್ರ್ ಕಿರ್ರ್ ಎಂದು ಮುಂದೆ ಸಾಗುತ್ತಿತ್ತು. ಮೊದಲ ಸಾಲಿನಲ್ಲಿದ್ದ ಪಾಸ್ಟರು ಹಾಡು ಮುಗಿಯುವ ಹೊತ್ತಿಗೆ ಡ್ರಮ್ಮಿನ ಪಕ್ಕಕ್ಕೆ ತಲುಪಿದ್ದರು, ಅದೂ ಸರಿಯಾದ ಲಯದಲ್ಲಿ. ಅವರು ತಿರುಗಿ ನೆಲ ನೋಡಿದರು. ಉದ್ದಕ್ಕೂ ಉತ್ತ ಹೊಲದಂತೆ ಗೀರುಗಳು.

"ಮುಂದಿನ ಸಲ," ಎಂದರು ಕ್ಷೀಣಸ್ವರದಲ್ಲಿ, "ಕುರ್ಚಿ ಬೇಡ. ನಿಂತುಕೊಳ್ಳಲಿ. ಏನು ಬೇಕಾದರೂ ಮಾಡಲಿ."

ಹೊಸ ಸಂಗೀತವನ್ನು ವಿಶಾಲ ಹೃದಯದಿಂದ ಬರಮಾಡಿಕೊಂಡೆವೆಂದು ಆ ಚರ್ಚಿನವರು ಇಂದಿಗೂ ಹೇಳಿಕೊಳ್ಳುತ್ತಾರೆ. ಹೃದಯದ ವಿಸ್ತಾರ ನನಗೆ ತಿಳಿಯದು. ನಾನು ಕಂಡದ್ದು ನೆಲದ ಪಾಲಿಶ್. ಅಂದು ಕುರ್ಚಿಗಳನ್ನು ಮಗುಚಿಯೂ ನೋಡಿದೆ. ಮುಂದಿನ ಸಾಲಿನವುಗಳ ಕಾಲಿಗೆ ರಬ್ಬರಿನ ಟೋಪಿಗಳೇ ಇರಲಿಲ್ಲ.

"ಏನ್ರೀ ಇದು?" ಎಂದೆ.

"ರಾಯರೇ, ಒಬ್ಬ ವಿಜ್ಞಾನಿಯನ್ನೂ ಅನುಮಾನಿಸ್ತೀರಾ?"

"ಯಾರನ್ನೂ ಬಿಡೋದಿಲ್ಲ."

"ಹಾಗಾದ್ರೆ ನನ್ನ ಕೋಟಿನ ಜೇಬು ಮುಟ್ಟಬೇಡಿ."

ಗೆದ್ದದ್ದೇ ಎಡವಟ್ಟಾಯಿತು. ಪಾಸ್ಟರ ಒಪ್ಪಿಗೆ ಸಿಕ್ಕ ತಂಡವೆಂದು ಒಂಟೆಗಳಿಗೆ ಕೆರೊಲೈನಾದ ಚರ್ಚುಗಳಿಂದಲೂ ಕರೆ ಬರತೊಡಗಿತು. ಈ ಭಾನುವಾರ ಷಾರ್ಲೆಟ್, ಮುಂದಿನ ಭಾನುವಾರ ಇನ್ನೊಂದು ಊರು. ಸತ್ಯಮಿತ್ರರ ಪಕ್ಕದ ಜಾಗ ಖಾಲಿಯಾಯಿತು.

"ನೀವೇ ಬಂದು ಕೂರಿ ರಾಯರೇ" ಎಂದರು. "ನಂಬಬೇಕು ಅಂತೇನಿಲ್ಲ. ನಿದ್ದೆ ಬಂದ್ರೆ ಎಬ್ಬಿಸೋದೂ ಇಲ್ಲ."

ಹೋಗಿ ಕೂತೆ. ಸ್ಕಾದ ಹುಚ್ಚು ಕೆಲವೇ ವರ್ಷಗಳಲ್ಲಿ ಇಳಿಯಿತು, ತಂಡ ಚೆದುರಿತು, ಸುನೀತಾ ಷಾರ್ಲೆಟ್ಟಿನಲ್ಲಿ ಕೆಲಸಕ್ಕೆ ಸೇರಿದಳು. ನಾನು ಮಾತ್ರ ಭಾನುವಾರ ತಪ್ಪಿಸಲಿಲ್ಲ. ಕೊಟ್ಟ ಮಾತಿನಂತೆ ಅವರು ಒಮ್ಮೆಯೂ ನನ್ನನ್ನು ಎಬ್ಬಿಸಲಿಲ್ಲ.

ಸತ್ಯಮಿತ್ರರು ತೀರಿಕೊಂಡ ಮೇಲೆ ನಡೆದ ಅಂತಿಮ ಪ್ರಾರ್ಥನೆಯ ದಿನವೂ ಅಭ್ಯಾಸಬಲದಿಂದ ನನ್ನ ಜಾಗದಲ್ಲೇ ಕೂತಿದ್ದೆ. ಸುನೀತಾ ಬಂದು ಬೆಂಚಿನ ತುದಿಯಲ್ಲಿ ನಿಂತಳು.

"ಅಂಕಲ್, ಸ್ವಲ್ಪ ಮೂವ್ ಆಗ್ತೀರಾ? ಅಲ್ಲಿ ನಾನು ಕೂರ್ತಿದ್ದೆ."

ಒಳಕ್ಕೆ ಸರಿದು ಅವಳಿಗೆ ಎಡೆಮಾಡಿಕೊಟ್ಟೆ. ಸರಿದು ಕೂತ ಮೇಲೆ ತಿಳಿಯಿತು, ನಾನೀಗ ಕೂತದ್ದು ಸತ್ಯಮಿತ್ರರ ಜಾಗದಲ್ಲಿ.