ರೇಡಿಯೊದೊಳಗಿನ ಗೊರಗೊರ

ಭಾರತೀನಗರದಲ್ಲಿ ಟಿವಿ, ಇನ್ವರ್ಟರ್ ರಿಪೇರಿ ಮಾಡುವ ಶಶಿಧರನಿಗೆ ತನ್ನವರೆಂದರೆ ಅಕ್ಕ ಬೆಳ್ಳಮ್ಮ ಒಬ್ಬಳೇ. ಆರನೇ ವಯಸ್ಸಿನ ಜ್ವರದಲ್ಲಿ ಕಣ್ಣು ಕಳೆದುಕೊಂಡ ಅವಳಿಗೆ ಹೊರಗಿನ ಲೋಕವೆಲ್ಲ ಬೆಂಗಳೂರು ಆಕಾಶವಾಣಿಯಿಂದಲೇ ಬರಬೇಕು. ಪ್ರದೇಶ ಸಮಾಚಾರ ಮುಗಿಯದೆ ತುತ್ತು ಎತ್ತುವವಳಲ್ಲ.

ಕಳೆದ ಆಷಾಢದಲ್ಲಿ ರೇಡಿಯೊದೊಳಗೆ ಗೊರಗೊರ ಸದ್ದು ಸೇರಿಕೊಂಡಿತು. ಶಶಿಧರ್ ಸೆಲ್ಲು ಬದಲಿಸಿದ, ಬೋರ್ಡು ಬಿಚ್ಚಿ ಬೆಸುಗೆಗಳನ್ನೆಲ್ಲ ಮತ್ತೆ ಕಾಯಿಸಿದ. ಸದ್ದು ಜಗ್ಗಲಿಲ್ಲ. ಒಂದು ಮಧ್ಯಾಹ್ನ ಹತ್ತು ನಿಮಿಷ ಕರೆಂಟು ಹೋದಾಗ ಮಾತ್ರ ದನಿ ತಿಳಿಯಾಯಿತು, ಬಂದೊಡನೆ ಮತ್ತದೇ. ರೋಗ ಲೈನಿನಲ್ಲಿದೆ ಅಂದುಕೊಂಡು ಮನೆಯ ಮೇನ್ ಸ್ವಿಚ್ ಇಳಿಸಿದ. ನಿಲ್ಲಲಿಲ್ಲ. ರೇಡಿಯೊ ಹಿಡಿದು ಓಡಾಡಿದರೆ ಪಕ್ಕದ ಸಣ್ಣಯ್ಯನ ಮನೆಯ ಗೋಡೆಯ ಹತ್ತಿರ ಕಿವಿ ತೂತಾಗುವಷ್ಟು ಸದ್ದು.

ಶ್ವಾಸಕೋಶ ಕೆಟ್ಟ ಸಣ್ಣಯ್ಯ ಕರೆಂಟಿನಲ್ಲಿ ಓಡುವ ಆಕ್ಸಿಜನ್ ಮಿಷನ್ನಿನಿಂದ ಬದುಕಿದ್ದ. ಅದರ ಪವರ್ ಸಪ್ಲೈ ಸುಟ್ಟಾಗ ರಿಪೇರಿ ಮಾಡಿದವನು ಶಶಿಧರನೇ. ಗೊರಗೊರ ಶುರುವಾದದ್ದೂ ಅದೇ ವಾರ. ಒಳಗಿನ ಗದ್ದಲ ಲೈನಿಗೆ ಹರಿಯದಂತೆ ತಡೆಯುವ ಕಾಯಿಲ್ ಕರಕಾಗಿತ್ತು. ಮದ್ದೂರು, ಮಂಡ್ಯ ಎರಡೂ ಕಡೆ ಹೊಸದು ಸಿಗಲಿಲ್ಲ. ಸಣ್ಣಯ್ಯನ ಹೆಂಡತಿ ಇಂದ್ರಮ್ಮ ಗಂಡನ ಎದೆ ನೀವುತ್ತಾ ಕೂತಿದ್ದಳು. ಶಶಿಧರ್ ಕಾಯಿಲ್ ಕಿತ್ತು, ಆ ಜಾಗಕ್ಕೆ ತಂತಿ ಬೆಸೆದುಬಿಟ್ಟಿದ್ದ.

ಈಗ ಬೆಂಗಳೂರಿನಿಂದ ಕಾಯಿಲ್ ತರಿಸಿಕೊಂಡು ಹೋಗಿ ಇಂದ್ರಮ್ಮನನ್ನು ಕೇಳಿದ. "ಒಂದು ಗಂಟೆ ಮಿಷನ್ ನಿಲ್ಲುಸ್ಬೇಕು ಕಣಕ್ಕ."

"ಕರೆಂಟೋದಾಗ ಆಕೋ ಸಿಲಿಂಡರು ಅರ್ಧ ಗಂಟೆಗೂ ಬರಾಕಿಲ್ಲ ಕಣಣ್ಣ," ಎಂದಳು ಇಂದ್ರಮ್ಮ. "ಬಿಚ್ಚಿದ್ ಮೇಲೆ ಅದು ಓಡ್ದೇ ಓದ್ರೆ?"

ಶಶಿಧರ್ ಕಾಯಿಲನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಒಮ್ಮೆ ಸುಟ್ಟ ಬೋರ್ಡು; ಇನ್ನೊಂದು ಸಲ ಕಾವು ತಾಗಿದರೆ ತಾಳುತ್ತದೆಂದು ಹೇಳುವ ಧೈರ್ಯ ಅವನಿಗೂ ಇರಲಿಲ್ಲ.

ಅಕ್ಕನಿಗೆ ಎಲ್ಲವನ್ನೂ ಹೇಳಿದ. "ಅವ್ನ್ ಉಸ್ರಿಗಿಂತ ನನ್ ರೇಡಿಯೊ ಎಚ್ಚಾ? ಬುಡ್ಲಾ," ಎಂದಳು ಬೆಳ್ಳಮ್ಮ. ಆದರೂ ದಿನವಿಡೀ ಅದಕ್ಕೆ ಕಿವಿಯೊತ್ತಿ, ಆ ಗದ್ದಲದಲ್ಲಿ ಒಂದೊಂದೇ ಮಾತು ಹುಡುಕುತ್ತಿದ್ದಳು. ಬರಬರುತ್ತಾ ಊಟ ಕಡಿಮೆಯಾಯಿತು. ಇವತ್ತು ಯಾವ ವಾರ ಎಂದು ತಮ್ಮನನ್ನು ದಿನಕ್ಕೆ ಎರಡು ಮೂರು ಸಲ ಕೇಳತೊಡಗಿದಳು.

ಕಾರ್ತಿಕದ ಒಂದು ಬೆಳಿಗ್ಗೆ, ಅಂಗಡಿಗೆ ಹೊರಟವನನ್ನು ಕೂಗಿದಳು. ರೇಡಿಯೊದಲ್ಲಿ ಯಾರೋ ಕಬ್ಬಿನ ತಳಿಗಳ ಬಗ್ಗೆ ಸ್ಫುಟವಾಗಿ ಮಾತಾಡುತ್ತಿದ್ದರು.

"ಕರೆಂಟು ಓಗೈತಾ ಸಸಿ?"

ಫ್ಯಾನು ತಿರುಗುತ್ತಿತ್ತು. "ಇಲ್ಲ ಕಣಕ್ಕ."

"ಅಂಗಾರೆ ಆ ಮನೆಗೋಗಿ ನೋಡ್ಲಾ."

ಅವನು ಹೋದಾಗ ಇಂದ್ರಮ್ಮ ಮಿಷನ್ ಆರಿಸಿ, ಗಂಡನ ಮೂಗಿನಿಂದ ಪೈಪು ಬಿಡಿಸುತ್ತಿದ್ದಳು. ಸಣ್ಣಯ್ಯನ ಕಣ್ಣು ಅರೆತೆರೆದಿತ್ತು, ಎದೆ ಆಡುತ್ತಿರಲಿಲ್ಲ. ಅವಳು ತಲೆಯೆತ್ತದೆ ಹೇಳಿದಳು: "ತಗೊಂಡೋಗಣ್ಣ. ಇನ್ನೆಷ್ಟೊತ್ ಬೇಕಾದ್ರೂ ಬಿಚ್ಚು."

ಮಿಷನ್ ಅವನ ಅಂಗಡಿಗೆ ಬಂದು ತಿಂಗಳುಗಳಾದವು. ಅವನು ಅದರ ಮುಚ್ಚಳವನ್ನೂ ತೆಗೆದಿಲ್ಲ. ಬೆಳ್ಳಮ್ಮ ರೇಡಿಯೊ ಹಾಕುವುದನ್ನೇ ಬಿಟ್ಟಿದ್ದಾಳೆ. ಸಣ್ಣಯ್ಯನ ಮನೆ ಕಡೆಯ ಗೋಡೆಗೆ ಒರಗಿ ಕೂತಿರುತ್ತಾಳೆ.