ಎಲ್ಲಿಗೆ ಎಂದು ಕೇಳಬಾರದು

ದೆಹಲಿಯ ವಿಮಾನ ನಿಲ್ದಾಣದ ಬಾಗಿಲು ದಾಟಿ ನಾವು ಹೊರಗೆ ಕಾಲಿಟ್ಟೆವೋ ಇಲ್ಲವೋ, ಟ್ಯಾಕ್ಸಿಯವನೊಬ್ಬ ಎದುರಿಗೇ ಬಂದು, "ಕಹಾಂ ಜಾನಾ ಹೈ, ಮಾತಾಜಿ?" ಎಂದ. ಅವ್ವ ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಹಿಂದೆ ಬರುತ್ತಿದ್ದ ಸೂಟಿನ ಗಂಡಸೊಬ್ಬ ಅವಳನ್ನು ಎಡವಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಟ್ಯಾಕ್ಸಿಯವನು ಗಾಬರಿಯಾಗಿ, ಇವರಿಗೆ ತಲೆ ಸುತ್ತಿತೇ ಎಂದು ನನ್ನ ಮುಖ ನೋಡಿದ.

ತಲೆ ಸುತ್ತಿರಲಿಲ್ಲ. ನಮ್ಮ ಕಡೆ ಮನೆ ಬಿಟ್ಟು ಹೊರಟವರನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ತೀರಾ ತಡೆಯಲಾರದವರು "ದೂರ ಹೊಂಟ್ರೇನ್ರಿ?" ಎನ್ನುತ್ತಾರೆ, ಅಷ್ಟೆ. ಯಾರಾದರೂ ಬಾಯಿ ತಪ್ಪಿ ಕೇಳಿಬಿಟ್ಟರೆ ಹೋಗುವ ಕೆಲಸ ಕೆಟ್ಟಿತು ಎಂದೇ ಅರ್ಥ. ಹೊರಟವರು ಕುಳಿತು, ಒಂದು ಗುಟುಕು ನೀರು ಕುಡಿದು, ಹೊಸದಾಗಿ ಹೊರಡಬೇಕು. ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಯಲ್ಲಿ ಅರ್ಧ ಮನೆಗಳ ಮಾತು ಉರ್ದು. ಹಾಗಾಗಿ ಅವ್ವನಿಗೆ ಹಿಂದಿ ಚೆನ್ನಾಗಿಯೇ ಅರ್ಥವಾಗುತ್ತದೆ. ಅರ್ಥವಾಗದೇ ಇದ್ದಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ಅವತ್ತು ಹಲ್ಲು ಕಚ್ಚಿಕೊಂಡೆ.

"ಯವ್ವಾ, ಏಳಬೇ! ಹೊತ್ತಾಗೈತಿ!"

"ನೀರಿನ ಬಾಟ್ಲಿ ಕೊಡು. ಆತುರಗಾರಗ ಬುದ್ಧಿ ಮಟ್ಟ ಅಂತಾರ, ಸುಮ್ನಿರು."

ನಾನು ಸುಮ್ಮನಿರುವವಳಲ್ಲ. ಮಕ್ಕಳಿಗೆ ಗಣಿತ ಹೇಳುವ ಕೆಲಸ ನನ್ನದು. ಲೆಕ್ಕ ಮುಗಿಯುವ ಮೊದಲೇ ಉತ್ತರ ಹೇಳಿಬಿಡುವ ಚಾಳಿ. ಆದರೆ ಆ ದಿನ ನನ್ನ ಅವಸರಕ್ಕೆ ಕಾರಣವಿತ್ತು. ದೆಹಲಿಯ ನಡುವಿನ ಕ್ರೀಡಾಂಗಣದಲ್ಲಿ ನನ್ನ ತಂಗಿ ಖೋಖೋ ಫೈನಲ್ ಆಡುವವಳಿದ್ದಳು. ವಯಸ್ಸಿನ ಮಿತಿ ಮುಗಿಯುತ್ತ ಬಂದಿದ್ದರಿಂದ ಆ ತಂಡದಲ್ಲಿ ಅವಳಿಗೆ ಅದೇ ಕೊನೆಯ ಆಟ. ಅವ್ವ ಅಲ್ಲಿಯವರೆಗೆ ಅವಳ ಒಂದು ಆಟವನ್ನೂ ನೋಡಿರಲಿಲ್ಲ.

ನೋಡಿರಲಿಲ್ಲ ಎಂದರೆ ನೋಡಲು ಒಪ್ಪಿರಲಿಲ್ಲ. ಎದೆಯುದ್ದ ಬೆಳೆದ ಹುಡುಗಿ ಚಡ್ಡಿ ಹಾಕಿಕೊಂಡು ಮಂದಿಯ ಮುಂದೆ ಓಡುವುದೆಂದರೆ ಅವ್ವನಿಗೆ ಮೈಯೆಲ್ಲ ಮುದುಡಿದಂತಾಗುತ್ತಿತ್ತು. ಅಪ್ಪ ಬೆನ್ನಿಗೆ ನಿಂತಿದ್ದರಿಂದ ತಂಗಿ ಆಡುತ್ತಿದ್ದಳು. ಅವಳು ಪಂದ್ಯಕ್ಕೆ ಹೋದಾಗಲೆಲ್ಲ ಅವ್ವ ಓಣಿಯವರಿಗೆ, "ಹೊಳಲಾಗ ಅವ್ರ ಚಿಗವ್ವನ ಮನಿಗೆ ಹೋಗ್ಯಾಳ್ರಿ" ಎಂದು ಹೇಳುತ್ತಿದ್ದಳು. ಹೊಳಲಿನ ಚಿಗವ್ವ ಪಾಪ, ಬಾರದ ಅತಿಥಿಗೆ ಎಷ್ಟು ಹೋಳಿಗೆ ಮಾಡಿ ಹಾಕಿದ್ದಾಳೋ ದೇವರೇ ಬಲ್ಲ!

ಹಿಂದಿನ ದಿನ ಸಂಜೆ ತಂಗಿಯ ಫೋನು ಬಂತು. ಸೆಮಿಫೈನಲ್ ಗೆದ್ದಿದ್ದಳು. ಅವಳ ಕಿರುಚಾಟ ಪಡಸಾಲೆಯ ತುಂಬ ಕೇಳಿಸಿತು. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ರೈಲಿಗೆ ಹೋದ್ರ ಮುಟ್ಟಂಗಿಲ್ಲ. ವಿಮಾನದಾಗ ಹೋದ್ರ ಮುಟ್ತೀವೇನು?" ಎಂದಳು. ಅಪ್ಪ ಬಾಯಿಗೆ ಹಾಕಿಕೊಂಡ ತುತ್ತನ್ನು ನುಂಗುವುದನ್ನೇ ಮರೆತರು. ನಾನು ತಕ್ಷಣ ಮೊಬೈಲ್ ತೆಗೆದು ಟಿಕೆಟ್ ಹುಡುಕಲು ಕುಳಿತೆ. ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂಬ ಭಯಕ್ಕೆ ಬೆಲೆಯನ್ನೂ ನೋಡದೆ ಮೊದಲು ಸಿಕ್ಕಿದ್ದನ್ನೇ ಕೊಂಡೆ. ತಂಗಿಗೆ ತಿಳಿಸಬಾರದು ಎಂದು ಅವ್ವ ನನ್ನಿಂದ ಆಣೆ ಹಾಕಿಸಿಕೊಂಡಳು.

ಹುಬ್ಬಳ್ಳಿಯಲ್ಲಿ ವಿಮಾನ ತಡವಾಗಿ ಹೊರಟಿತು. ಇಳಿದಾಗ ಆಟ ಶುರುವಾಗುವುದಕ್ಕೆ ಹೆಚ್ಚು ಹೊತ್ತಿರಲಿಲ್ಲ. ರಸ್ತೆಗಿಂತ ಮೆಟ್ರೊ ಬೇಗ ಎಂದು ಫೋನಿನಲ್ಲಿ ನೋಡಿಕೊಂಡಿದ್ದೆ. ಅವ್ವನನ್ನು ಎಬ್ಬಿಸಿ, ಕೆಳಗಿನ ನಿಲ್ದಾಣಕ್ಕೆ ಹೆಚ್ಚುಕಡಿಮೆ ಎಳೆದುಕೊಂಡೇ ಹೋದೆ. ಚಲಿಸುವ ಮೆಟ್ಟಿಲ ಮುಂದೆ ನಿಂತವಳನ್ನು "ಕಣ್ಣು ಮುಚ್ಚಿ ಕಾಲಿಡು" ಎಂದು ಹತ್ತಿಸಿದೆ. ಕೆಳಗೆ ಟಿಕೆಟ್ ಕಿಟಕಿಯಲ್ಲಿ ಕುಳಿತ ಹುಡುಗಿ ಬಲು ಮರ್ಯಾದೆಯಿಂದ ಕೇಳಿದಳು: "ಕಹಾಂ ಜಾನಾ ಹೈ?"

ಅವ್ವ ಮತ್ತೆ ಕುಳಿತಳು. ಮತ್ತೆ ನೀರು.

ನನಗೆ ಸಿಟ್ಟು ನೆತ್ತಿಗೇರಿತು. "ಈ ಊರಾಗ ಎಲ್ಲಾರೂ ಅದನ್ನ ಕೇಳ್ತಾರಬೇ! ಟಿಕೀಟು ಹೆಂಗ ಕೊಡ್ತಾರ, ಕೇಳಲಾರ್ದ?" ಎಂದೆ. ಅವ್ವ ನನ್ನನ್ನು ಕೆಳಗಿನಿಂದಲೇ ನೋಡಿದಳು. ಅವಳ ಕಣ್ಣಲ್ಲಿ ಹಟವಿರಲಿಲ್ಲ, ಹೆದರಿಕೆ ಇತ್ತು. "ನನ್ನಿಂದ ಆಕಿ ಸೋಲಬಾರ್ದು" ಎಂದಳು. "ಇಷ್ಟ್ ದಿನ ಬರಲಾರ್ದಾಕಿ ಇವತ್ತು ಹೊಂಟೀನಿ. ನಾ ಕಾಲಿಟ್ಟಿದ್ದಕ್ಕ ಸೋತಳು ಅಂತ ಆಗಬಾರ್ದು ನೋಡು."

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಪಾಠ ಹೇಳಿ ಬಿಡಿಸುವ ಲೆಕ್ಕವಲ್ಲ ಇದು. ಯಾರೂ ಕೇಳುವ ಮೊದಲೇ ನಾನೇ ಹೇಳಿಬಿಡಬೇಕು, ಅದೊಂದೇ ದಾರಿ. ಅವ್ವನನ್ನು ನಾಲ್ಕು ಹೆಜ್ಜೆ ಹಿಂದೆ ಬಿಟ್ಟು ನಾನು ಮುಂದೆ ಓಡತೊಡಗಿದೆ. ತಪಾಸಣೆಯವನು ಬಾಯಿ ತೆರೆಯುವಷ್ಟರಲ್ಲಿ ಇಳಿಯುವ ನಿಲ್ದಾಣದ ಹೆಸರು ಕೂಗಿದೆ. ಪ್ಲಾಟ್‌ಫಾರ್ಮಿನ ಕಾವಲುಗಾರ ಕೈ ಎತ್ತಿದ್ದೇ ತಡ, ಅವನಿಗೂ ಕೂಗಿದೆ. ಅವನು ಬರಿ ಹಳದಿ ಗೆರೆಯ ಹಿಂದೆ ನಿಲ್ಲಿ ಎನ್ನಲು ಬಂದಿದ್ದ. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರು ಮುಸಿಮುಸಿ ನಕ್ಕರು. ನಗಲಿ ಬಿಡಿ, ನನಗೂ ನಗು ತಡೆಯಲಾಗಲಿಲ್ಲ.

ರೈಲು ಸುರಂಗ ಬಿಟ್ಟು ಬೆಳಕಿಗೆ ಬಂದಾಗ ಅವ್ವ ಕಿಟಕಿಯ ಗಾಜಿಗೆ ಮೂಗು ಹಚ್ಚಿದಳು. ಮರಗಳು, ಮಹಡಿಗಳು, ಕೆಳಗೆ ಸಾಲುಗಟ್ಟಿದ ಕಾರುಗಳು ಹಿಂದಕ್ಕೆ ಓಡುತ್ತಿದ್ದವು. "ಯಪ್ಪಾ ತಂದಿ, ಏನ್ ಹೊಂಟೈತಿ ಇದು!" ಎಂದವಳು ಚಿಕ್ಕ ಹುಡುಗಿಯ ಹಾಗೆ ನನ್ನ ತೋಳು ಜಗ್ಗಿದಳು. ನನಗಂತೂ ಎದ್ದು ಕುಣಿಯಬೇಕೆನಿಸಿತ್ತು. ಬೆಳಗ್ಗೆ ಮನೆಯ ಅಂಗಳದಲ್ಲಿ ನೀರು ಚಿಮುಕಿಸಿದ ಅವ್ವ, ಮಧ್ಯಾಹ್ನ ದೆಹಲಿಯ ನಡುವಿಗೆ ಹೊರಟಿದ್ದಾಳೆ, ನಾನೇ ಕರೆದೊಯ್ಯುತ್ತಿದ್ದೇನೆ!

ಮೆಟ್ರೊ ಇಳಿದು ಆಟೋ ಹಿಡಿದೆವು. ಅಲ್ಲೂ ನಾನೇ ಮೊದಲು ಕೂಗಿದೆ. ಒಂದು ವೃತ್ತದ ಬಳಿ ವಾಹನಗಳೆಲ್ಲ ನಿಂತುಬಿಟ್ಟವು. ನಾನು ತಲೆ ಹೊರಗೆ ಹಾಕಿ ಚಡಪಡಿಸುವುದನ್ನು ಕನ್ನಡಿಯಲ್ಲಿ ನೋಡಿ ಚಾಲಕ, ಇಷ್ಟೇಕೆ ಅವಸರ ಎಂದು ಕೇಳಿದ. ನಾನು ಉತ್ತರ ಹೇಳುವ ಮೊದಲೇ ಅವ್ವ ತನ್ನ ಓಣಿಯ ಉರ್ದುವಿನಲ್ಲಿ, "ಮೇರಿ ಬೇಟಿ ಖೇಲ್ತಿ. ಖೋಖೋ. ಫೈನಲ್!" ಎಂದಳು.

ಮಗಳು ಆಡುತ್ತಾಳೆ ಎಂಬುದು ಅವಳು ಊರಲ್ಲಿ ಒಬ್ಬರ ಮುಂದೆಯೂ ಬಾಯಿ ಬಿಡದ ಮಾತು. ಚಾಲಕ ಹಿಂತಿರುಗಿ ಅವ್ವನನ್ನು ನೋಡಿ, "ಅರೇ ವಾಹ್!" ಎಂದವನೇ ಆಟೋವನ್ನು ಒಂದು ಸಂದಿಗೆ ತಿರುಗಿಸಿದ. ಯಾವ ಯಾವುದೋ ಗೋಡೆ, ಕ್ವಾರ್ಟರ್ಸು, ಬೇವಿನ ಮರಗಳ ನಡುವೆ ನುಗ್ಗಿ ಕ್ರೀಡಾಂಗಣದ ಗೇಟಿನ ಮುಂದೆ ನಿಲ್ಲಿಸಿದ. ಒಳಗಿನಿಂದ ಚಪ್ಪಾಳೆ, ಕೂಗು ಕೇಳುತ್ತಿತ್ತು.

ನಾನು ಆಟೋದವನಿಗೆ ದುಡ್ಡು ಕೊಡುತ್ತಿದ್ದಾಗ ಅವ್ವ ಆಗಲೇ ಗೇಟಿನಲ್ಲಿದ್ದಳು. ಕಾವಲುಗಾರ ಕೋಲು ಅಡ್ಡ ಹಿಡಿದು, "ಕಹಾಂ?" ಎಂದ. ಇಲ್ಲಿ ಕುಳಿತಳೆಂದರೆ ಮುಗಿಯಿತು. ಅವ್ವ ಒಂದು ಕ್ಷಣ ನಿಂತಳು. ಒಳಗೆ ಮತ್ತೊಂದು ಕೂಗು ಎದ್ದಿತು. "ನನ್ನ ಮಗಳು ಒಳಗ ಆಡಾಕ ಹತ್ಯಾಳ, ದಾರಿ ಬಿಡು" ಎಂದು ಕನ್ನಡದಲ್ಲೇ ಹೇಳಿ, ಕೋಲು ಸರಿಸಿ ನಡೆದಳು. ಅವನು ಪಕ್ಕಕ್ಕೆ ಸರಿದ. ನಾನು ಅವಳ ಹಿಂದೆ ಓಡಿದೆ.

ಕೊನೆಯ ಸರದಿ ನಡೆದಿತ್ತು. ನಮ್ಮ ಹುಡುಗಿಯರು ಓಡುವವರು, ಎದುರಿನವರು ಬೆನ್ನಟ್ಟುವವರು. ನಾವು ಸಿಕ್ಕಿದ ಮೆಟ್ಟಿಲ ಮೇಲೆ ಕುಳಿತೆವು. ಅಂಕಣದಲ್ಲಿ ಒಬ್ಬಳು ಮಾತ್ರ ಕುಳಿತವರ ನಡುವೆ ಸುಳಿಯುತ್ತ, ಬಾಗುತ್ತ, ಕೈಗೆ ಸಿಕ್ಕೇಬಿಟ್ಟಳು ಎನ್ನುವಾಗ ಮೈ ತಿರುಗಿಸಿ ಪಾರಾಗುತ್ತಿದ್ದಳು. ಬೆನ್ನಟ್ಟಿದವಳು ಕಂಬದ ಬಳಿ ಹಾರಿ ಬಿದ್ದಳು. ಇವಳು ಇನ್ನೊಂದು ಬದಿಯಲ್ಲಿ ನಿಂತು ನಗುತ್ತಿದ್ದಳು. ಜನ ಎದ್ದು ನಿಂತು ಕೂಗುತ್ತಿದ್ದರು. ಅವ್ವ ನನ್ನ ಮಣಿಕಟ್ಟನ್ನು ಬಳೆ ಒತ್ತುವಂತೆ ಹಿಡಿದಿದ್ದಳು.

"ಯವ್ವಾ, ಏನ್ ಓಡ್ತಾಳ ಆ ಹುಡುಗಿ! ಯಾರ ಮಗಳು ಆಕಿ?" ಎಂದಳು ಅವ್ವ.

ನಾನು ಅವಳ ಮುಖ ನೋಡಿದೆ. ಅವಳು ತಮಾಷೆ ಮಾಡುತ್ತಿರಲಿಲ್ಲ.

"ನಿನ್ನ ಮಗಳಽ ಬೇ" ಎಂದೆ.

ಸೀಟಿ ಮೊಳಗಿತು. ತಂಗಿ ಔಟಾಗದೆ ಉಳಿದಿದ್ದಳು, ತಂಡ ಗೆದ್ದಿತ್ತು. ಗೆಳತಿಯರು ಅವಳನ್ನು ಎತ್ತಿಕೊಂಡು ಕುಣಿಯುತ್ತಿದ್ದರು. ನಾನು ಗಂಟಲು ಹರಿಯುವಂತೆ ಕಿರುಚುತ್ತಿದ್ದೆ. ಅವ್ವ ಮಾತ್ರ ಎದ್ದು ನಿಲ್ಲಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಮತ್ತೆ ನೋಡುತ್ತ, ಮತ್ತೆ ಒರೆಸಿಕೊಳ್ಳುತ್ತ ಕುಳಿತೇ ಇದ್ದಳು.

"ಹಡದಾಕಿ ನಾನು," ಎಂದಳು. "ನನಗಽ ಗುರುತು ಸಿಗಲಿಲ್ಲಲ್ಲ."