ಭಾಮಾಬಾಯಿಯ ಕಿವಿದಾರ

ಪುಣೆ ಬಳಿಯ ನಿಗಡಿಯಲ್ಲಿ ನಮ್ಮ ವಸತಿ ಸೊಸೈಟಿಯ ಎರಡನೆಯ ಮಹಡಿಯಲ್ಲಿರುವ ಭಾಮಾಬಾಯಿ ಹಾಡುತ್ತಾರೆ ಎಂಬುದು, ಮದುವೆಯಾಗಿ ಇಪ್ಪತ್ತು ವರ್ಷ ಕಳೆದರೂ ಅವರ ಗಂಡನಿಗೇ ಗೊತ್ತಿರಲಿಲ್ಲ. ಗೊತ್ತಾದದ್ದು ಒಂದು ದೀಪಾವಳಿಯ ಉಡುಗೊರೆಯಿಂದ.

ಗಂಡ ಪ್ರಲ್ಹಾದರಾಯರು ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಕಾರ್ಖಾನೆಯವರು ದೀಪಾವಳಿಗೆ ಎಲ್ಲರಿಗೂ ಏನಾದರೂ ಕೊಡುವ ರೂಢಿ. ಒಂದು ವರ್ಷ ಮಿಕ್ಸರ್, ಇನ್ನೊಂದು ವರ್ಷ ಕಂಬಳಿ. ೨೦೦೫ರಲ್ಲಿ ಸ್ಟೀಲಿನ ಊಟದ ಸೆಟ್ಟು ಕೊಡುತ್ತಾರೆಂದು ಸುದ್ದಿ ಹಬ್ಬಿತ್ತು. ಭಾಮಾಬಾಯಿ ಅಡುಗೆಮನೆಯ ಕಪಾಟಿನಲ್ಲಿ ಜಾಗವನ್ನೂ ಮಾಡಿಟ್ಟಿದ್ದರು. ರಾಯರು ತಂದದ್ದು ಹೆಬ್ಬೆರಳಿನಷ್ಟು ಉದ್ದದ, ನೀಲಿ ಬಣ್ಣದ ಒಂದು ವಸ್ತು. ಜೊತೆಗೆ ಸಿಕ್ಕುಸಿಕ್ಕಾದ ಒಂದು ಕಪ್ಪು ವಾಯರು. ಸಿಗರೇಟು ಹಚ್ಚುವ ಲೈಟರ್ ಇರಬೇಕು, ಸೇದುವವರಿಗೆ ಯಾರಿಗಾದರೂ ಕೊಟ್ಟುಬಿಡೋಣ ಎಂದರು ರಾಯರು. ಆಗ ಎಂಜಿನಿಯರಿಂಗ್ ಓದುತ್ತಿದ್ದ ಮಗಳು ಅನುಜಾ ಅದನ್ನು ಅವರ ಕೈಯಿಂದ ಕಸಿದುಕೊಂಡು, ಇದು ಎಂಪಿತ್ರೀ ಪ್ಲೇಯರು, ಕ್ಯಾಸೆಟ್ಟೂ ಬೇಡ, ಸಿಡಿಯೂ ಬೇಡ, ಹಾಡು ಇದರ ಹೊಟ್ಟೆಯಲ್ಲೇ ಇರುತ್ತದೆ ಎಂದಳು. ಒಂದು ಸಣ್ಣ ಪೆನ್ಸಿಲ್ ಸೆಲ್ ಹಾಕಿದರೆ ಸಾಕು.

ಭಾಮಾಬಾಯಿ ಧಾರವಾಡದವರು. ಸಣ್ಣವರಿದ್ದಾಗ ಮಾಳಮಡ್ಡಿಯಲ್ಲಿ ಒಬ್ಬ ಮಾಸ್ತರರ ಬಳಿ ಸಂಗೀತ ಕಲಿಯಲು ಹೋಗುತ್ತಿದ್ದರಂತೆ. ಮಾಸ್ತರರು ಒಂದು ದಿನ ಇವರ ದನಿ ಕೇಳಿ, "ತಂಗಿ, ನಿಂದು ಗಂಡು ದನಿ ಅದ. ನೀ ತಂಬೂರಿ ಹಿಡಿ" ಎಂದರು. ಅವರು ಸಿಟ್ಟಿನಿಂದ ಹೇಳಿದ್ದಲ್ಲ, ಅವರಿಗೆ ತೋಚಿದ್ದನ್ನು ಹೇಳಿದರು. ಹುಡುಗಿ ತಂಬೂರಿ ಹಿಡಿದಳು. ಉಳಿದವರು ಹಾಡುತ್ತಿದ್ದರೆ ಹಿಂದೆ ಕೂತು ತಂತಿ ಮೀಟಿದಳು. ಅಲ್ಲಿಂದ ಮುಂದೆ ದೇವರ ಮುಂದೆ ಆರತಿ ಹಾಡುವಾಗಲೂ ಅವಳದು ಬರೀ ತುಟಿಯ ಅಲುಗಾಟ. ಮದುವೆಯಾಗಿ ಪುಣೆಗೆ ಬಂದರು, ಟೈಪಿಂಗ್ ಕಲಿತು ಶಿವಾಜಿನಗರದ ಕೋರ್ಟಿನ ಬಳಿ ಒಬ್ಬ ವಕೀಲರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದರು. ಹಾಡಿನ ಮಾತನ್ನು ಮನೆಯಲ್ಲಿ ಯಾರ ಮುಂದೆಯೂ ಎತ್ತಿದ್ದಿಲ್ಲ.

ಆ ನೀಲಿ ಪ್ಲೇಯರಿನಲ್ಲಿ ಜಾಗ ಬಹಳ ಕಡಿಮೆ. ಒಂದು ದೊಡ್ಡ ಖ್ಯಾಲು ಒಳಗೆ ಬರಬೇಕೆಂದರೆ ಮೂರು ನಾಲ್ಕು ಅಭಂಗಗಳು ಹೊರಗೆ ನಡೆಯಬೇಕು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಭಾನುವಾರ ತಾಯಿ ಮಗಳು ಸೈಬರ್ ಕೆಫೆಗೆ ಹೋಗಿ ಒಂದೇ ಕುರ್ಚಿಯಲ್ಲಿ ಇಬ್ಬರೂ ಕೂತು, ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಕಳಿಸುವುದು ಎಂದು ವಾದ ಮಾಡುತ್ತಿದ್ದರು. ಅನುಜಾ ತನ್ನ ಸಿನಿಮಾ ಹಾಡುಗಳಿಗೂ ಪಾಲು ಕೇಳುತ್ತಿದ್ದಳು. ಎಷ್ಟು ವಾದವಾದರೂ ಒಂದನ್ನು ಮಾತ್ರ ಭಾಮಾಬಾಯಿ ತೆಗೆಯಗೊಡಲಿಲ್ಲ. ಅದು ಹಳೆಯ ಕಾಲದ ಗಾಯಕಿಯೊಬ್ಬರ ಭೀಮಪಲಾಸ ರಾಗದ ಖ್ಯಾಲು. ಆ ಬಾಯಿಯವರ ದನಿಯೂ ದಪ್ಪನೆಯದೇ. ಅದನ್ನು ಕೇಳುತ್ತ ಅವರು ಬೆಳಿಗ್ಗೆ ಆಕುರ್ಡಿಯಲ್ಲಿ ಲೋಕಲ್ ರೈಲು ಹತ್ತುತ್ತಿದ್ದರು, ಸಂಜೆ ಅದನ್ನೇ ಕೇಳುತ್ತ ಶಿವಾಜಿನಗರದಿಂದ ಹಿಂದಿರುಗುತ್ತಿದ್ದರು.

ಸಂಜೆಯ ಲೋಕಲಿನ ಹೆಂಗಸರ ಡಬ್ಬಿ ಅಂದರೆ ಅರ್ಧ ಅಡುಗೆಮನೆ. ಒಬ್ಬರು ಬಟಾಣಿ ಸುಲಿಯುತ್ತಾರೆ, ಇನ್ನೊಬ್ಬರು ಮೆಂತ್ಯ ಬಿಡಿಸುತ್ತಾರೆ, ಮನೆ ಮುಟ್ಟುವುದರೊಳಗೆ ಪಲ್ಯದ ಅರ್ಧ ಕೆಲಸ ಮುಗಿದಿರುತ್ತದೆ. ಒಂದು ದಿನ ಭಾಮಾಬಾಯಿ ಕಿಟಕಿಯ ಬಳಿ, ಕಿವಿಗೆ ವಾಯರು ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ದಾಪೋಡಿ ದಾಟಿದ ಮೇಲೆ ಗಾಡಿ ಜಗ್ಗಿ ನಿಂತಿತು. ಕಣ್ಣು ತೆರೆದು ನೋಡಿದರೆ ಡಬ್ಬಿಯಲ್ಲಿದ್ದವರೆಲ್ಲ ತಮ್ಮನ್ನೇ ನೋಡುತ್ತಿದ್ದಾರೆ. ಎದುರಿನವರ ಕೈಯಲ್ಲಿ ಮೆಂತ್ಯದ ಸಿವುಡು ಹಾಗೇ ನಿಂತಿದೆ. ಏನಾಯಿತೋ ಎಂದು ಕಿವಿಯಿಂದ ವಾಯರು ತೆಗೆದರು. ಆ ಮೆಂತ್ಯದ ಹೆಂಗಸು ಮುನ್ಸಿಪಾಲ್ಟಿ ಶಾಲೆಯ ಶಿಕ್ಷಕಿ, ತಳೇಗಾವಿಗೆ ಹೋಗುವ ವತ್ಸಲಾತಾಯಿ. "ಥಾಂಬೂ ನಕಾ" ಎಂದರು, ನಿಲ್ಲಿಸಬೇಡಿ. ಎಷ್ಟು ಚೆನ್ನಾಗಿ ಹಾಡುತ್ತೀರಿ, ಯಾರ ಹತ್ತಿರ ಕಲಿತದ್ದು ಎಂದು ಮರಾಠಿಯಲ್ಲಿ ವಿಚಾರಿಸಿದರು.

ತಾವು ಬಾಯಿಬಿಟ್ಟು ಹಾಡುತ್ತಿದ್ದುದು ಭಾಮಾಬಾಯಿಗೆ ತಿಳಿದದ್ದೇ ಆಗ. ಕಿವಿಯ ತುಂಬ ಇನ್ನೊಬ್ಬರ ದನಿ ಇದ್ದುದರಿಂದ ತಮ್ಮದು ಹೊರಬಿದ್ದದ್ದು ಗೊತ್ತೇ ಆಗಿರಲಿಲ್ಲ. ನಾಚಿಕೆಯಿಂದ ಮುಖ ಕೆಂಪಾಗಿ ಕಾಸಾರವಾಡಿಯಲ್ಲೇ ಇಳಿದುಬಿಟ್ಟರು. ಅವರು ಇಳಿಯಬೇಕಾದ ಆಕುರ್ಡಿ ಇನ್ನೂ ದೂರವಿತ್ತು. ಮುಂದಿನ ಗಾಡಿಗಾಗಿ ಕಾಯುತ್ತ, ಎಷ್ಟು ದಿನದಿಂದ ಹೀಗೆ ನಡೆದಿತ್ತೋ ಏನೋ ಎಂದು ನೆನೆನೆನೆದು ಇನ್ನಷ್ಟು ಕುಗ್ಗಿದರು.

ಕೆಲವು ದಿನ ಬೇರೆ ಡಬ್ಬಿಯಲ್ಲಿ ನಿಂತುಕೊಂಡೇ ಓಡಾಡಿದರು. ಕೊನೆಗೆ ವತ್ಸಲಾತಾಯಿಯೇ ಶಿವಾಜಿನಗರದ ಪ್ಲಾಟ್‌ಫಾರಮ್ಮಿನಲ್ಲಿ ಹುಡುಕಿ ಹಿಡಿದು, ಕೈ ಬಿಡದೆ ಹಳೆಯ ಡಬ್ಬಿಗೆ ಹತ್ತಿಸಿದರು. ಎಲ್ಲರೂ ಹಾಡಿ ಎಂದರು. ಭಾಮಾಬಾಯಿ ಬಾಯಿ ತೆರೆದರೆ ಗಂಟಲಿನಿಂದ ಗಾಳಿ ಬಂತೇ ಹೊರತು ದನಿ ಬರಲಿಲ್ಲ. ಅತ್ತೇಬಿಡುವಂತಾಯಿತು. ವತ್ಸಲಾತಾಯಿ ಸ್ವಲ್ಪ ಯೋಚಿಸಿ, ಆ ವಾಯರನ್ನು ಕಿವಿಗೆ ಹಾಕಿಕೊಂಡು ನೋಡಿ ಎಂದರು. ಹಾಕಿಕೊಂಡರು. ಗಾಯಕಿಯ ಭೀಮಪಲಾಸ ಒಳಗೆ ಶುರುವಾಯಿತು, ಇವರದು ಹೊರಗೆ. ಅಂದಿನಿಂದ ಡಬ್ಬಿಯವರು ಅದಕ್ಕೇ ಒಗ್ಗಿಕೊಂಡರು.

ಮನೆಯಲ್ಲಿ ಈ ಸುದ್ದಿ ಹೇಳಿದ್ದು ಅನುಜಾ. ಒಂದು ಸಲ ತಾಯಿಯ ಜೊತೆ ಲೋಕಲಿನಲ್ಲಿ ಹೋಗಿ ಕಣ್ಣಾರೆ ನೋಡಿ ಬಂದಿದ್ದಳು. ಪ್ರಲ್ಹಾದರಾಯರು ಊಟಕ್ಕೆ ಕೂತವರು ತುತ್ತು ಕೆಳಗಿಟ್ಟರು.

"ನನ್ನ ಮುಂದ ಒಂದ್ ದಿನಾನೂ ಹಾಡಿಲ್ಲಲ್ಲ ನೀ."

"ನನಗರ ಎಲ್ಲಿ ಗೊತ್ತಿತ್ರಿ, ಹಾಡ್ತೀನಂತ" ಎಂದರು ಭಾಮಾಬಾಯಿ.

ರಾಯರು, "ಎತ್ತಿಗೆ ಮೂಗುದಾರ, ನಿನಗ ಕಿವಿದಾರ" ಎಂದು ನಗಿಸಿದರು. ಆದರೆ ಅವರಿಗೆ ಒಳಗೊಳಗೆ ಸ್ವಲ್ಪ ನೋವಾಗಿತ್ತು. ಮನೆಯಲ್ಲಿ ಹಾಡೆಂದು ಕೇಳಿದರು, ಭಾಮಾಬಾಯಿಗೆ ಆಗಲಿಲ್ಲ. ಗಂಡನ ಮುಂದೆ ಕಿವಿಗೆ ವಾಯರು ಸಿಕ್ಕಿಸಿಕೊಂಡು ಕೂರುವುದು ಅವರಿಗೆ ಇನ್ನೂ ಸಂಕೋಚದ ಮಾತಾಗಿತ್ತು.

ಮರುವರ್ಷದ ದಸರೆ ಬಂತು. ಹಬ್ಬದ ಮುನ್ನಾದಿನ ದಿನನಿತ್ಯದ ಪ್ರಯಾಣಿಕರು ಲೋಕಲಿಗೆ ಚೆಂಡುಹೂವು, ಮಾವಿನ ತೋರಣ ಕಟ್ಟಿ ಪೂಜೆ ಮಾಡುತ್ತಾರೆ. ಹೆಂಗಸರ ಡಬ್ಬಿಯಲ್ಲಿ ಈ ಸಲ ಭಾಮಾಬಾಯಿಯ ಹಾಡೆಂದು ಮೊದಲೇ ನಿಶ್ಚಯವಾಗಿತ್ತು. ಬೆಳಿಗ್ಗೆ ಅವರು ಜರಿಯಂಚಿನ ಸೀರೆ ಉಟ್ಟು ಹೊರಟರು. ರಾಯರು ಎಂದಿನಂತೆ ಚಾಕಣದ ಕಂಪನಿ ಬಸ್ಸಿಗೆ ಹೋದರು ಎಂದೇ ಭಾಮಾಬಾಯಿ ತಿಳಿದಿದ್ದರು. ರಾಯರು ಹೋಗಿರಲಿಲ್ಲ. ರಜೆ ಹಾಕಿ, ಹೆಂಡತಿಗೆ ಕಾಣದಂತೆ ಆಕುರ್ಡಿಯಲ್ಲಿ ಅದೇ ಗಾಡಿಯ ಪಕ್ಕದ ಡಬ್ಬಿ ಹತ್ತಿದ್ದರು. ಎರಡೂ ಡಬ್ಬಿಗಳ ನಡುವೆ ಕಬ್ಬಿಣದ ಜಾಳಿಗೆಯ ಅಡ್ಡಗೋಡೆ. ಗದ್ದಲದಲ್ಲಿ ನುಗ್ಗಿ ಅದಕ್ಕೆ ಕಿವಿ ಹಚ್ಚಿ ನಿಂತರು.

ಆರತಿ ಆಯಿತು, ಪೇಢೆ ಹಂಚಿದರು. ಚಿಂಚವಡ ದಾಟಿದ ಮೇಲೆ ಭಾಮಾಬಾಯಿ ಕಿವಿಗೆ ವಾಯರು ಹಾಕಿಕೊಂಡು ಭೀಮಪಲಾಸ ಎತ್ತಿಕೊಂಡರು. ಅದು ಮಧ್ಯಾಹ್ನದ ರಾಗ, ಬೆಳಿಗ್ಗೆ ಹಾಡುವುದಲ್ಲ ಎಂಬುದು ಅವರಿಗೂ ಗೊತ್ತು. ಆದರೆ ಧೈರ್ಯವಿದ್ದದ್ದು ಅದೊಂದರ ಮೇಲೆಯೇ. ಆಲಾಪ ಮುಗಿದು ಹಾಡು ಕುದುರುವ ಹೊತ್ತಿಗೆ ಸೆಲ್ ಮುಗಿದುಹೋಯಿತು.

ಅದರ ಮುಂದಿನದನ್ನು ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ. "ಕಿವ್ಯಾಗ ಆ ಬಾಯಾರು ಒಮ್ಮೆಲೆ ಸುಮ್ಮಾದ್ರು. ಕೊಡದಾಗಿಂದ ಬಂದಂಗ ಒಂದು ದಪ್ಪ ದನಿ ಕೇಳ್ತು. ಯಾರಪಾ ಇದು ಅಂತ ಅನಕೊಂಡೆ. ನೋಡಿದ್ರ, ನಂದ."

ನಿಲ್ಲಿಸಿಬಿಡಬಹುದಿತ್ತು. ಆದರೆ ಎದುರಿಗೆ ವತ್ಸಲಾತಾಯಿ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಆ ಕೈ ನಡೆಯುತ್ತಿರುವಾಗ ನಡುವೆ ಕೈಬಿಡುವುದು ಹೇಗೆ ಎಂದು ಭಾಮಾಬಾಯಿ ಮುಂದುವರಿಸಿದರು. ದನಿ ಒಮ್ಮೆ ನಡುಗಿತು, ಒಮ್ಮೆ ದಾರಿ ತಪ್ಪಿತು. ಆಮೇಲೆ ತಾನಾಗಿ ನೆಲೆ ಹಿಡಿಯಿತು. ಕೆಟ್ಟದ್ದೇನೂ ಅನ್ನಿಸಲಿಲ್ಲ ಅವರಿಗೆ. ಗಂಡು ದನಿಯೆಂದು ಮಾಸ್ತರರು ಹೇಳಿದ್ದು ನಿಜವೇ, ಆದರೆ ಆ ದನಿಯಲ್ಲೂ ರಾಗ ಕೂತಿತ್ತು. ಖಡಕಿಯವರೆಗೂ ಹಾಡಿದರು.

ಶಿವಾಜಿನಗರದಲ್ಲಿ ಇಳಿದಾಗ ಪ್ಲಾಟ್‌ಫಾರಮ್ಮಿನಲ್ಲಿ ಗಂಡ ನಿಂತಿದ್ದರು. ಕೆನ್ನೆಯ ಮೇಲೆ ಜಾಳಿಗೆಯ ಗೆರೆ ಮೂಡಿತ್ತು. ಪಕ್ಕದ ಡಬ್ಬಿಯಲ್ಲಿ ಗುರುತಿಲ್ಲದವರಿಗೆಲ್ಲ, ಹಾಡುತ್ತಿರುವವರು ನಮ್ಮ ಮನೆಯವರು ಎಂದು ಮರಾಠಿಯಲ್ಲಿ ಹೇಳಿಕೊಂಡಿದ್ದರಂತೆ. ಹೆಂಡತಿಯ ಎದುರು ಮಾತ್ರ, "ಭಾಳ ಛಲೋ ಆತು. ಚಹಾ ಕುಡಿಯೂಣು ನಡಿ" ಎಂದರು. ಆ ದಿನ ಭಾಮಾಬಾಯಿ ಆಫೀಸಿಗೆ ತಡವಾಗಿ ಹೋದರು.

ಆಮೇಲೆ ಅವರೇನೂ ದೊಡ್ಡ ಗಾಯಕಿಯಾಗಲಿಲ್ಲ. ಲೋಕಲಿನಲ್ಲಿ ಹಾಡಿದರು, ಕ್ರಮೇಣ ಮನೆಯಲ್ಲೂ ಹಾಡಿದರು. ಈಗ ನಿಗಡಿಯ ಭಜನಾಮಂಡಳಿಯಲ್ಲಿ ಎಲ್ಲರೂ ಅವರ ಶ್ರುತಿಗೇ ಇಳಿದು ಬರುತ್ತಾರೆ. ಅನುಜಾ ಹೊಸ ಫೋನು ಕೊಡಿಸಿದಾಗ, ಆಲಾಪದ ನಡುವೆ ಬ್ಯಾಂಕಿನವರು ಸಾಲ ಬೇಕೇ ಎಂದು ಕೇಳುತ್ತಾರೆ, ಬೇಡ ಎಂದು ದೂರ ಇಟ್ಟರು. ನೀಲಿ ಪ್ಲೇಯರನ್ನು ಬಿಡಲಿಲ್ಲ. ಪರದೆ ಬಿರುಕು ಬಿಟ್ಟಿತು, ಸೆಲ್ಲಿನ ಮುಚ್ಚಳ ಕಳೆದುಹೋಗಿ ರಬ್ಬರ್ ಬ್ಯಾಂಡ್ ಬಂತು. ಹಾಗೇ ನಡೆಸಿದರು.

ಅದು ಕೈಬಿಟ್ಟದ್ದು ವತ್ಸಲಾತಾಯಿ ನಿವೃತ್ತರಾಗಿ ನಾಶಿಕದ ತಂಗಿಯ ಮನೆಗೆ ಹೊರಟಾಗ. ಆ ಪ್ಲೇಯರಿನಲ್ಲಿ ದನಿ ಮುದ್ರಿಸುವ ಗುಂಡಿಯೂ ಒಂದಿತ್ತು, ಭಾಮಾಬಾಯಿ ಅದನ್ನು ಎಂದೂ ಒತ್ತಿರಲಿಲ್ಲ. ಅನುಜಾಳಿಂದ ಕೇಳಿ ತಿಳಿದುಕೊಂಡು, ಗಾಯಕಿಯ ಖ್ಯಾಲನ್ನು ತೆಗೆಸಿ ಜಾಗ ಮಾಡಿಕೊಂಡರು. ಒಂದು ಸಂಜೆ ಲೋಕಲಿನಲ್ಲೇ ಕೂತು ತಮ್ಮ ಭೀಮಪಲಾಸ ತುಂಬಿಸಿದರು. ಹೊಸ ಸೆಲ್ ಹಾಕಿ ವತ್ಸಲಾತಾಯಿಯ ಕೈಯಲ್ಲಿಟ್ಟರು. ವತ್ಸಲಾತಾಯಿ ಬೇಡವೆನ್ನಲಿಲ್ಲ, ಸೆರಗಿನಲ್ಲಿ ಗಂಟು ಹಾಕಿಕೊಂಡರು.

ಈಗಲೂ ಅವರು ನಾಶಿಕದಿಂದ ಫೋನು ಮಾಡುತ್ತಾರೆ. ಮುದ್ರಿಸಿಕೊಟ್ಟ ಆ ಹಾಡಿನ ನಡುವೆ ಯಾರೋ ಹೆಂಗಸು ಚಿಂಚವಡ ಬಂತೇ ಎಂದು ಕೇಳುತ್ತಾಳಂತೆ. ಭಾಮಾಬಾಯಿ ತಾಳ ತಪ್ಪಿಸದೆ, ಇಲ್ಲ ಬಾಯಿ, ಇದಿನ್ನೂ ಪಿಂಪರಿ ಎಂದು ಹೇಳಿ ಮತ್ತೆ ಸಮಕ್ಕೆ ಬಂದು ಸೇರುತ್ತಾರಂತೆ. ವತ್ಸಲಾತಾಯಿ ಅದೊಂದು ತುಣುಕನ್ನೇ ಹಿಂದೆ ಮುಂದೆ ಮಾಡಿ ಕೇಳಿ ನಗುತ್ತಾರೆ.